ಎಂಡ್ ಪ್ಲೇ ಟಾಲರೆನ್ಸ್: ಯಾವ ಪಾರ್ಟ್‌ಗೆ ಎಷ್ಟು ಕೊಡಬೇಕು?

ಪ್ರಶ್ನೆ: ಸರ್, ನಾನು ಡಿಸೈನ್ ಕೆಲಸಕ್ಕೆ ಹೊಸಬ. ಒಂದು ಗೇರ್‌ಬಾಕ್ಸ್ ಶಾಫ್ಟಿನ ಎಂಡ್ ಪ್ಲೇ, ಅಂದರೆ ಶಾಫ್ಟ್ ಉದ್ದಕ್ಕೆ ಹಿಂದೆ ಮುಂದೆ ಆಡುವ ಜಾಗ, 0.30 ಮಿ.ಮೀ. ಇರಬೇಕು; ಟಾಲರೆನ್ಸ್, ಅಂದರೆ ಒಪ್ಪಬಹುದಾದ ಏರುಪೇರು, ±0.25. ಹೌಸಿಂಗ್ ಒಳಗೆ ಎರಡು ಬೇರಿಂಗ್, ನಡುವೆ ಶಾಫ್ಟಿನ ಕಾಲರ್ (ಶಾಫ್ಟಿನ ದಪ್ಪ ಭಾಗ), ಕೊನೆಗೆ ಒಂದು ಸ್ಪೇಸರ್ (ಜಾಗ ತುಂಬುವ ಉಂಗುರ) ಕೂರುತ್ತವೆ. ಬೇರಿಂಗ್ ಅಗಲ ತಲಾ ±0.06, ಅದು ನಮ್ಮ ಕೈಯಲ್ಲಿಲ್ಲ. ಉಳಿದ ಮೂರಕ್ಕೂ ಸಮನಾಗಿ ±0.04 ಕೊಟ್ಟೆ. ಹೌಸಿಂಗ್‌ಗೆ ಖರ್ಚು ತುಂಬಾ ಜಾಸ್ತಿ ಅಂತ ಮೆಷಿನ್ ಶಾಪಿನವರು ಡ್ರಾಯಿಂಗ್ ವಾಪಸ್ ಕಳಿಸಿದ್ದಾರೆ. ಎಲ್ಲಿ ಸಡಿಲ ಮಾಡಲಿ?

ಉತ್ತರ: ಐದು ಟಾಲರೆನ್ಸ್ ಕೂಡಿದರೆ 0.24 ಬರುತ್ತದೆ, 0.25ರ ಒಳಗಿದೆ, ಲೆಕ್ಕ ಸರಿಯಾಗಿಯೇ ಇದೆ. ಸಮ ಪಾಲು ಮಾಡಿದ್ದೇ ತೊಂದರೆ. ಹೌಸಿಂಗ್ ಆಳವನ್ನು ±0.04ಕ್ಕೆ ಹಿಡಿಯಬೇಕಾದರೆ ಆಪರೇಟರ್ ಪ್ರತಿ ಪೀಸಿಗೂ ಮೆಷಿನ್ ನಿಲ್ಲಿಸಿ, ಚಿಪ್ಸ್ ಒರೆಸಿ, ಡೆಪ್ತ್ ಮೈಕ್ರೋಮೀಟರ್ ಇಟ್ಟು, ಆಫ್‌ಸೆಟ್ ತಿದ್ದಬೇಕು. ಸ್ಪೇಸರ್ ಹಾಗಲ್ಲ. ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟಿಕ್ ಚಕ್ ಮೇಲೆ ಹತ್ತಾರು ಪೀಸ್ ಒಟ್ಟಿಗೆ ಜೋಡಿಸಿದರೆ ±0.01 ಸಲೀಸಾಗಿ ಸಿಗುತ್ತದೆ. ಹಾಗಾಗಿ ಸ್ಪೇಸರ್ ±0.01, ಕಾಲರ್ ±0.04, ಹೌಸಿಂಗ್ ±0.08 ಮಾಡಿ. ಬೇರಿಂಗಿನ 0.12 ಸೇರಿಸಿದರೂ ಒಟ್ಟು 0.25. ರಿಸ್ಕ್ ಏನೂ ಹೆಚ್ಚಲಿಲ್ಲ, ಹೌಸಿಂಗ್‌ಗೆ ಮಾತ್ರ ಎರಡರಷ್ಟು ಜಾಗ ಸಿಕ್ಕಿತು.

ಇನ್ನೊಂದು ವಿಷಯ. ಬೇರಿಂಗ್ ಅಗಲ ಕ್ಯಾಟಲಾಗಿನಲ್ಲಿ 0 / −0.12 ಅಂತ ಇರುತ್ತದೆ, ಅಂದರೆ ಹೇಳಿದ ಅಗಲಕ್ಕಿಂತ ಹೆಚ್ಚಿರದು, 0.12ರವರೆಗೆ ಕಮ್ಮಿ ಇರಬಹುದು. ನಡು ಅಳತೆ 0.06 ಕಮ್ಮಿ, ಎರಡು ಸೇರಿ 0.12. ನಿಮ್ಮ 0.30 ಲೆಕ್ಕದಲ್ಲಿ ಇದನ್ನು ಹಿಡಿದಿದ್ದೀರಾ ನೋಡಿಕೊಳ್ಳಿ.

ಪ್ರಶ್ನೆ: ಟಾಲರೆನ್ಸ್‌ಗಳನ್ನು ನೇರವಾಗಿ ಕೂಡುವ ಬದಲು, ಒಂದೊಂದನ್ನೂ ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ ಇನ್ನೂ ಸಡಿಲ ಮಾಡಬಹುದು ಅಲ್ವಾ ಸರ್?

ಉತ್ತರ: ಮಾಡಬಹುದು. ಹೌಸಿಂಗ್ ±0.12, ಕಾಲರ್ ±0.06, ಸ್ಪೇಸರ್ ±0.02 ಅಂತ ಇಟ್ಟರೆ, ಬೇರಿಂಗ್ ಸೇರಿ ವರ್ಗಮೂಲ 0.16 ಬರುತ್ತದೆ. ಆದರೆ ಈ ಲೆಕ್ಕ ನಡೆಯುವುದು ಅಳತೆಗಳು ನಡುವಿನ ಸುತ್ತ ಹರಡಿದ್ದಾಗ, ಒಂದರ ಏರುಪೇರಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದಾಗ. ಶಾಪಿನಲ್ಲಿ ಹಾಗಾಗುವುದು ಕಷ್ಟ. ಒಳ್ಳೆಯ ಆಪರೇಟರ್ ಯಾವಾಗಲೂ ಸ್ವಲ್ಪ ಮೆಟಲ್ ಉಳಿಸಿಕೊಳ್ಳುತ್ತಾನೆ. ಜಾಸ್ತಿ ಉಳಿದರೆ ಮತ್ತೆ ತೆಗೆಯಬಹುದು, ಹೋದರೆ ಸ್ಕ್ರ್ಯಾಪ್. ಅಂದರೆ ಹೌಸಿಂಗ್ ಆಳ ಕಮ್ಮಿ ಕಡೆಗೆ, ಕಾಲರ್ ಮತ್ತು ಸ್ಪೇಸರ್ ದಪ್ಪ ಕಡೆಗೆ ಬರುತ್ತವೆ. ಮೂರೂ ಸೇರಿ ಎಂಡ್ ಪ್ಲೇಯನ್ನೇ ತಿನ್ನುತ್ತವೆ! ಶಾಫ್ಟ್ ಬಿಗಿಯಾಗಿ ಬೇರಿಂಗ್ ಬಿಸಿಯಾದಾಗ ಕಾರಣ ಹುಡುಕುವುದೂ ಕಷ್ಟ, ಯಾಕೆಂದರೆ ಒಂದೊಂದು ಪಾರ್ಟೂ ಡ್ರಾಯಿಂಗ್ ಪ್ರಕಾರ ಪಾಸ್.

ಅದಕ್ಕೇ ಆ 0.16ನ್ನು ನಾನು 1.5ರಿಂದ ಗುಣಿಸುತ್ತೇನೆ. 0.24 ಆಯಿತು, 0.25ರ ಒಳಗಿದೆ. ಆದರೂ ಡ್ರಾಯಿಂಗ್ ಬದಲಿಸುವ ಮುಂಚೆ ಮೂವತ್ತು ಪೀಸ್ ಅಳೆದು, ಸರಾಸರಿ ಎಲ್ಲಿ ಕೂತಿದೆ ಅಂತ ದಯವಿಟ್ಟು ನೋಡಿ.

ಪ್ರಶ್ನೆ: ನಮ್ಮದು ಇಪ್ಪತ್ತೇ ಸೆಟ್ ಸರ್.

ಉತ್ತರ: ಇಪ್ಪತ್ತಕ್ಕೆ ವರ್ಗಮೂಲ ನಂಬಬೇಡಿ. ಮೊದಲು ಹೇಳಿದ ±0.08 ಇಟ್ಟುಕೊಳ್ಳಿ. ಇಲ್ಲವೇ ಹೌಸಿಂಗ್ ±0.15 ಬಿಟ್ಟುಬಿಡಿ. ಸ್ಪೇಸರನ್ನು ಬೇಕಾದದ್ದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ ಇಟ್ಟು, ಅಸೆಂಬ್ಲಿ ಹೊತ್ತಿಗೆ ಪ್ರತಿ ಸೆಟ್ಟಿನ ಗ್ಯಾಪ್ ಅಳೆದು ಅದಕ್ಕೆ ತಕ್ಕಂತೆ ಗ್ರೈಂಡ್ ಮಾಡಿಸಿ. ಆ ಸ್ಪೇಸರ್ ಮೇಲೆ ಸೆಟ್ ನಂಬರ್ ಹಾಕುವುದನ್ನು ಮರೆಯಬೇಡಿ. ಸರ್ವಿಸಿಗೆ ಬಿಚ್ಚಿದಾಗ ಅದೇ ಸೆಟ್ಟಿಗೆ ವಾಪಸ್ ಹೋಗಬೇಕು.