ಒಂಬತ್ತು ಸೂಜಿ, ಒಂದು ಹಳದಿ ಕಾರ್ಡು

ಗುಂಪು: ಅಜ್ಜಿ ಮನೆ ಮಂದಿ

ಜಯನಗರ ದೊಡ್ಡಪ್ಪ: (ಫಾರ್ವರ್ಡ್ ಆದ ಚಿತ್ರ) ಆಫ್ರಿಕಾಕ್ಕೆ ಹೊರಟಿದ್ದೀರಾ? 9 ಲಸಿಕೆ ಕಡ್ಡಾಯ! ಒಂದೇ ದಿನದಲ್ಲಿ ಪೂರ್ತಿ ಪ್ಯಾಕೇಜ್!!

ಜಯನಗರ ದೊಡ್ಡಪ್ಪ: ಪುಟ್ಟಿ, ನಿನಗೋಸ್ಕರಾನೇ ಹುಡುಕಿದ್ದು. ಒಂದೇ ದಿನ ಹೋಗಿ ಮುಗಿಸ್ಕೊಂಡು ಬಂದ್ಬಿಡು.

ಅಮ್ಮ: ಒಂಬತ್ತಾ? ಇವಳು ಪಾಠ ಮಾಡೋಕ್ಕೆ ಹೋಗ್ತಿರೋದಾ ಯುದ್ಧಕ್ಕಾ?

ಶ್ರೀಧರ ಮಾಮ: ದುಡ್ಡು ಹೊಡೆಯೋ ದಂಧೆ. ನಾನು ಮೂರು ವರ್ಷ ಮಸ್ಕತ್ತಲ್ಲಿದ್ದೆ, ಒಂದು ಸೂಜಿ ಚುಚ್ಚಿಸ್ಕೊಂಡಿಲ್ಲ. ಉಗಾಂಡಾಗೆ ಕಡ್ಡಾಯ ಇರೋದು ಹಳದಿ ಜ್ವರದ್ದು ಒಂದೇ. ಅದೊಂದು ಹಾಕಿಸ್ಕೋ, ಮಿಕ್ಕಿದ್ದು ಕಸದ ಬುಟ್ಟಿಗೆ.

ಮಲ್ಲೇಶ್ವರಂ ಅತ್ತೆ: ಹಳದಿ ಜ್ವರ ಅಂದ್ರೆ ಕಾಮಾಲೆ ತಾನೇ? ಅದಕ್ಕೆ ನಮ್ಮೂರಲ್ಲಿ ಸೊಪ್ಪು ಅರೆದು ಕೊಡ್ತಾರಲ್ಲ.

ನಾನು: ಅಲ್ಲ ಅತ್ತೆ. ಕಣ್ಣು ಹಳದಿ ಆಗುತ್ತೆ, ಅದಕ್ಕೇ ಆ ಹೆಸರು. ಆದ್ರೆ ಇದು ಸೊಳ್ಳೆಯಿಂದ ಬರೋದು. ನಮ್ಮೂರಲ್ಲಿ ಡೆಂಗಿ ಹರಡೋ ಈಡಿಸ್ ಸೊಳ್ಳೇನೇ ಇದನ್ನೂ ಹರಡುತ್ತೆ. ಸೊಳ್ಳೆ ನಮ್ಮಲ್ಲಿ ಧಾರಾಳ, ವೈರಸ್ ಮಾತ್ರ ಬಂದಿಲ್ಲ. ಅದಕ್ಕೇ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಲಸಿಕೆ ಹಾಕಿಸಿದ್ದಕ್ಕೆ ಕೊಡೋ ಹಳದಿ ಕಾರ್ಡ್ ಕೇಳ್ತಾರೆ. ಇಲ್ಲದಿದ್ರೆ 6 ದಿನದವರೆಗೂ ಕೂಡಿ ಹಾಕಬಹುದು.

ಅಮ್ಮ: ಅಯ್ಯೋ ರಾಮ.

ನಾನು: ಮಾಮಾ, ನಿಮ್ಮ ಮಾತು ಅರ್ಧ ಸರಿ. ಕಡ್ಡಾಯ ಅದೊಂದೇ. ಆದ್ರೆ ಕಡ್ಡಾಯ ಅನ್ನೋದು ಗಡಿಯಲ್ಲಿ ಕೂತಿರೋ ಆಫೀಸರ್‌ಗೆ ಬೇಕಾದ್ದು. ನನ್ನ ಮೈಗೆ ಏನು ಬೇಕು ಅಂತ ಅವನು ಕೇಳಲ್ಲ. ನಾನು ಹೋಗ್ತಿರೋದು ಕಂಪಾಲಾಕ್ಕಲ್ಲ, ಉತ್ತರದ ಗುಲುಗೆ. ಅಲ್ಲಿಂದ ರಾಜಧಾನಿಗೆ ಬಸ್ಸಲ್ಲಿ ಹೋಗೋಷ್ಟರಲ್ಲಿ ದಿನಾನೇ ಕಳೆಯುತ್ತೆ.

ಶ್ರೀಧರ ಮಾಮ: ಹಾಗಾದ್ರೆ ಒಂಬತ್ತೂ ಹಾಕಿಸ್ಕೋ ತಾಯಿ, ಯಾರು ಬೇಡ ಅಂದ್ರು.

ಡಾಕ್ಟರ್ ಸ್ಮಿತಕ್ಕ: ಡ್ಯೂಟಿ ಮುಗಿಸಿ ಈಗ ನೋಡ್ದೆ. ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ, ಈ ಪ್ಯಾಕೇಜಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್ ಲಸಿಕೇನೂ ಸೇರಿಸಿದ್ದಾರೆ. ಅದು ನಮ್ಮ ಏಷ್ಯಾದ ಕಡೆಯ ಮೆದುಳು ಜ್ವರ. ಇಲ್ಲಿ ತಯಾರಾಗೋ ಅದರ ಲಸಿಕೆ ಜೆನ್‌ವ್ಯಾಕ್‌ನ ವೈರಸ್ ತಳಿ ಸಿಕ್ಕಿದ್ದೇ ಕೋಲಾರದಲ್ಲಿ! ಕೋಲಾರದಿಂದ ಉಗಾಂಡಾಗೆ ಹೋಗೋರಿಗೆ ಅದನ್ನ ಮಾರ್ತಿದಾರೆ 😂

ಜಯನಗರ ದೊಡ್ಡಪ್ಪ: ನನಗೆ ಬಂದದ್ದು ಕಳಿಸ್ದೆ ಅಷ್ಟೆ.

ಡಾಕ್ಟರ್ ಸ್ಮಿತಕ್ಕ: ಇನ್ನೊಂದು ವಿಷಯ. ಒಂದೇ ದಿನದಲ್ಲಿ ಮುಗಿಯೋ ಮಾತೇ ಇಲ್ಲ. ಹೆಪಟೈಟಿಸ್ ಬಿ ಮೂರು ಡೋಸ್: ಇವತ್ತು, ತಿಂಗಳಿಗೆ, ಆರನೇ ತಿಂಗಳಿಗೆ. ಮೂರನೇದು ರಜಕ್ಕೆ ಬಂದಾಗ. ಹೆಪಟೈಟಿಸ್ ಎ ಗೆ ಮೊದಲು ಒಂದು ರಕ್ತಪರೀಕ್ಷೆ ಮಾಡಿಸು. ನಮ್ಮಲ್ಲಿ ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಗೊತ್ತಾಗದ ಹಾಗೆ ಬಂದು ಹೋಗಿರುತ್ತೆ, ಆಮೇಲೆ ಲಸಿಕೇನೇ ಬೇಡ. ಟೈಫಾಯ್ಡ್‌ಗೆ ಕಾಂಜುಗೇಟ್ ಅನ್ನೋ ಲಸಿಕೆ ಒಂದೇ ಡೋಸ್, ಯೋಚನೆ ಮಾಡಬೇಡ. ಕಾಲರಾ ಬಿಡು.

ಅಮ್ಮ: ಚಿಕ್ಕಂದಿನಲ್ಲಿ ನಾನು ಎಲ್ಲಾ ಹಾಕಿಸಿದೀನಿ. ತಡಿ, ಕಾರ್ಡು ಬೀರುವಲ್ಲಿದೆ.

ಅಮ್ಮ: (ಫೋಟೋ)

ಒಂದು ಮೂಲೆ ಇಲಿ ಕಡಿದಿದೆ. ಮಧ್ಯದಲ್ಲಿ ಅರಿಶಿನದ ಹೆಬ್ಬೆಟ್ಟು, ಅಮ್ಮನದೇ ಇರಬೇಕು. ಬಿಸಿಜಿ, ಡಿಪಿಟಿ, ಪೋಲಿಯೋ ಹನಿ, ಕೊನೆಗೆ ದಡಾರ 1997. ನೀಲಿ ಇಂಕು ನೀರು ಬಿದ್ದು ಹರಡಿದೆ. ಅದರ ಕೆಳಗೆ ಐದನೇ ವರ್ಷದ ಬೂಸ್ಟರ್, ಮುಂದೆ ಖಾಲಿ.

ಡಾಕ್ಟರ್ ಸ್ಮಿತಕ್ಕ: ನೋಡಿದ್ಯಾ? ಎಂಎಂಆರ್ ಇಲ್ಲ. ದಡಾರ ಒಂದೇ ಡೋಸ್, ಮಂಗನಬಾವು ರುಬೆಲ್ಲಾ ಎರಡೂ ಇಲ್ಲ. ದಿನಾ ಅರವತ್ತು ಮಕ್ಕಳ ಮಧ್ಯೆ ನಿಲ್ಲೋಳು ನೀನು. ಧನುರ್ವಾಯುದ್ದೂ ಬೂಸ್ಟರ್ ಹಾಕಿಸ್ಕೋ, ಹತ್ತು ವರ್ಷಕ್ಕೊಂದು ಬೇಕು.

ವಿಜಯನಗರ ಚಿಕ್ಕಮ್ಮ: ಆ ಹಳದಿ ಜ್ವರದ ಲಸಿಕೇನ ಮೊಟ್ಟೆಯಲ್ಲಿ ಬೆಳೆಸ್ತಾರಂತೆ, ನಿಜವಾ?

ಅಮ್ಮ: 😳

ನಾನು: ನಿಜ ಚಿಕ್ಕಮ್ಮ, ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ. ಅದಕ್ಕೇ ಮೊಟ್ಟೆ ಅಲರ್ಜಿ ಇದ್ಯಾ ಅಂತ ಕೇಳ್ತಾರೆ. ನಮ್ಮನೇಲಿ ಯಾರೂ ತಿಂದಿಲ್ವಲ್ಲ, ಏನಂತ ಹೇಳೋದು?

ತಮ್ಮ: ಬೇಕರಿ ಕೇಕ್ ಎಷ್ಟು ಪೀಸ್ ತಿಂದಿದೀಯ ಹೇಳ್ಲಾ ಇಲ್ಲೇ?

ನಾನು: ಡಿಲೀಟ್ ಮಾಡೋ.

ಡಾಕ್ಟರ್ ಸ್ಮಿತಕ್ಕ: ಆ ಕೇಕ್ ವಿಷಯ ಅಲ್ಲಿ ಡಾಕ್ಟರ್‌ಗೂ ಹೇಳು, ಉಪಯೋಗಕ್ಕೆ ಬರುತ್ತೆ.

ಜಯನಗರ ದೊಡ್ಡಪ್ಪ: ಮಲೇರಿಯಾ ಲಸಿಕೆ ಪುಣೇಲೇ ಮಾಡ್ತಾರೆ, ಪಟ್ಟಿಯಲ್ಲೇ ಇಲ್ಲ!

ಡಾಕ್ಟರ್ ಸ್ಮಿತಕ್ಕ: ಅದು ಅಲ್ಲಿನ ಪುಟ್ಟ ಮಕ್ಕಳಿಗೆ ದೊಡ್ಡಪ್ಪ. ಇವಳಿಗೆ ಸೊಳ್ಳೆಪರದೆ, ಮಾತ್ರೆ.

ಶ್ರೀಧರ ಮಾಮ: ರೇಬೀಸ್‌ದು ಯಾಕೆ ಅದನ್ನಾದ್ರೂ ಹೇಳಿ. ನಾಯಿ ಕಚ್ಚಿದ ಮೇಲೆ ತಾನೇ ಹಾಕೋದು? ಬಸವನಗುಡಿಯಲ್ಲಿ ಇಲ್ಲದ ನಾಯಿ ಉಗಾಂಡಾದಲ್ಲಿ ಇದ್ಯಾ?

ನಾನು: ಬಸವನಗುಡಿಯಲ್ಲಿ ಕಚ್ಚಿದ್ರೆ ಆಟೋ ಹತ್ತಿ ಹತ್ತು ನಿಮಿಷದಲ್ಲಿ ಆಸ್ಪತ್ರೆ ಮಾಮಾ. ಮೊದಲೇ ಹಾಕಿಸದೇ ಇದ್ರೆ ಆಳವಾಗಿ ಕಚ್ಚಿದಾಗ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್, ಅಂದ್ರೆ ರೆಡಿಮೇಡ್ ಪ್ರತಿಕಾಯ, ಚುಚ್ಚಬೇಕು. ಸಣ್ಣ ಊರಲ್ಲಿ ಅದು ಸಿಗೋದೇ ಕಷ್ಟ. ಮುಂಚೆ ಹಾಕಿಸ್ಕೊಂಡಿದ್ರೆ ಅದು ಬೇಡ, ಕಚ್ಚಿದ ದಿನ ಒಂದು ಲಸಿಕೆ, ಮೂರು ದಿನ ಬಿಟ್ಟು ಇನ್ನೊಂದು. ರೋಗ ಕಾಣಿಸ್ಕೊಂಡ ಮೇಲೆ ಯಾವ ದೇವರೂ ಕೈ ಹಿಡಿಯಲ್ಲ. ಹಳದಿ ಕಾರ್ಡು ಬಿಟ್ರೆ ನನ್ನ ಪಟ್ಟಿಯಲ್ಲಿ ಮೊದಲನೇದು ಇದೇ.

ಡಾಕ್ಟರ್ ಸ್ಮಿತಕ್ಕ: 👍 ಮೆನಿಂಜೈಟಿಸ್‌ದೂ ಹಾಕಿಸ್ಕೋ, ಮೆದುಳಿನ ಪೊರೆಗೆ ಬರೋ ಸೋಂಕು ಅದು. ಉತ್ತರ ಉಗಾಂಡಾ ಆ ಕಾಯಿಲೆ ಹೆಚ್ಚಿರೋ ಜಾಗಗಳ ಪಟ್ಟಿಗೆ ಸೇರುತ್ತೆ, ಒಣಹವೆಯಲ್ಲಿ ಏಳುತ್ತೆ. ಎಂಎಂಆರ್, ಹಳದಿ ಜ್ವರ ಎರಡೂ ಜೀವಂತ ಲಸಿಕೆ (ದುರ್ಬಲ ಮಾಡಿದ ವೈರಸ್ ಇರೋದು), ನಾಲ್ಕು ವಾರ ಅಂತರ ಇರಲಿ. ವಿಮಾನ ಯಾವಾಗ?

ನಾನು: ಆಗಸ್ಟ್ 18.

ಡಾಕ್ಟರ್ ಸ್ಮಿತಕ್ಕ: ಹಾಗಾದ್ರೆ ಈ ವಾರಾನೇ ಹಳದಿ ಜ್ವರದ್ದು. ಚುಚ್ಚಿದ 10 ದಿನಕ್ಕೆ ಸರ್ಟಿಫಿಕೇಟ್ ಊರ್ಜಿತ, ಜೀವನಪರ್ಯಂತ. ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಮಾತ್ರ. ಒಂದು ಬಾಟಲಿ ಹಲವರಿಗಾಗುತ್ತೆ, ಅದರ ಪುಡಿ ಕಲಸಿದ ಮೇಲೆ ಆರು ಗಂಟೆಯೊಳಗೆ ಖಾಲಿ ಮಾಡಬೇಕು, ಅದಕ್ಕೇ ಜನ ಸೇರಿಸಿ ಗೊತ್ತಾದ ದಿನ ಮಾತ್ರ ಕೊಡ್ತಾರೆ. ಮೊದಲು ಫೋನ್ ಮಾಡು.

ನಾನು: ಮಾಡ್ದೆ. ಗುರುವಾರ ಬೆಳಗ್ಗೆ, ಪಾಸ್‌ಪೋರ್ಟ್ ಒರಿಜಿನಲ್ ತರಬೇಕಂತೆ.

ಶ್ರೀಧರ ಮಾಮ: ನಾನೇ ಸ್ಕೂಟರಲ್ಲಿ ಬಿಡ್ತೀನಿ. ನನ್ನ ಮಾತು ಅರ್ಧ ಸರಿ ಅಂದ್ಯಲ್ಲ, ಆ ಅರ್ಧಕ್ಕೆ.

ಅಮ್ಮ: ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ ಇಬ್ರೂ. ಉಪ್ಪಿಟ್ಟು ಮಾಡಿರ್ತೀನಿ. ಆ ಕೇಕ್ ಯಾವ ಬೇಕರೀದು ಅಂತ ಮನೆಗೆ ಬಂದ ಮೇಲೆ ಮಾತಾಡೋಣ.