ಅಪ್‌ಡೇಟ್: ಬೂಸ್ಟಿನ ಗೆರೆಯ ಮಾವಿನ ಗಿಳಿ

ಬೂಸ್ಟು ಹಿಡಿದು ಕಪ್ಪು ಗೆರೆ ಬಿದ್ದ ಮಾವಿನ ಮರದ ತುಂಡಿನಲ್ಲಿ ಗಿಳಿ ಕೆತ್ತುವಾಗ ಬಿಳಿ ಭಾಗ ಪುಡಿಯಾಗುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೆ. ಈಗ ಸರಿಯಾಗಿದೆ. ಉಗುರೊತ್ತಿದರೆ ತಗ್ಗು ಬೀಳುವ ಕಡೆಗೆಲ್ಲ ತೆಳು ಸೂಪರ್ ಗ್ಲೂ ಹನಿಹನಿಯಾಗಿ ಕುಡಿಸಿ ರಾತ್ರಿಯಿಡೀ ಬಿಟ್ಟೆ. ದಪ್ಪನೆಯದು ಮೇಲೇ ನಿಲ್ಲುತ್ತದೆ, ಒಳಗಿಳಿಯಲ್ಲ. ಆಮೇಲೆ ಉಳಿ ಚೆನ್ನಾಗಿ ಹಿಡಿಯಿತು.

ಉಜ್ಜುವಾಗಲೇ ಎಚ್ಚರ ಬೇಕು. ಗೆರೆ ಗಟ್ಟಿ, ಪಕ್ಕದ ಬಿಳಿ ಮೆದು. ಬರಿ ಬೆರಳಿಂದ ಉಜ್ಜಿದರೆ ಮೆದು ಭಾಗ ಸವೆದು ಗೆರೆ ಉಬ್ಬಿಕೊಳ್ಳುತ್ತದೆ. ಮರದ ಪಟ್ಟಿಗೆ ಉಪ್ಪುಕಾಗದ ಸುತ್ತಿ 120, 220, 320 ನಂಬರ್ ಹೀಗೆ ಒರಟಿನಿಂದ ನಯಕ್ಕೆ ಹೋಗಿ. ಧೂಳಿಗೆ ಎನ್95 ಮಾಸ್ಕ್ ಕಡ್ಡಾಯ.

ಗ್ಲೂ ಕುಡಿದ ಜಾಗ ಎಣ್ಣೆ ಹೀರದೆ ಮಚ್ಚೆ ಕಾಣುತ್ತದೆ, ಹಾಗಾಗಿ ಎಣ್ಣೆ ಬಿಟ್ಟು ತೆಳು ಫ್ರೆಂಚ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಕೊಟ್ಟೆ. ರಾಯಚೂರಿನ ಬಿಸಿಲಿಗಂತೂ ಹಸಿ ತುಂಡು ಇಡಲೇಬೇಡಿ, ಸೀಳುತ್ತದೆ. ಎರಡೂ ತುದಿಗೆ ಮೇಣ ಬಳಿದು ನೆರಳಲ್ಲೇ ಒಣಗಿಸಿ.