ಹೆಲ್ಸ್ ಗೇಟ್‌ಗೆ ಒಂದು ದಿನ ಕೊಡಬಹುದಾ?

ಪ್ರಶ್ನೆ: ಫೆಬ್ರವರಿಯಲ್ಲಿ ನೈರೋಬಿಯಲ್ಲಿರುವ ತಮ್ಮನ ಮನೆಗೆ ಹೊರಟಿದ್ದೇವೆ. ನಾನು, ಹೆಂಡತಿ, 12 ವರ್ಷದ ಮಗ, 66 ವರ್ಷದ ಅಮ್ಮ. ಮಸಾಯಿ ಮಾರಾಗೆ ಹೋಗಲು ರಜೆಯೂ ಸಾಲದು, ದುಡ್ಡೂ ಸಾಲದು. ತಮ್ಮ ಅಲ್ಲೇ ಹತ್ತಿರದ ಹೆಲ್ಸ್ ಗೇಟ್ ನ್ಯಾಷನಲ್ ಪಾರ್ಕ್‌ಗೆ ಹೋಗೋಣ ಅಂತಾನೆ. ಬರೀ 68 ಚದರ ಕಿ.ಮೀ. ಅಂತೆ. ಬಂಡೀಪುರ ನೋಡಿದವರಿಗೆ ಅಲ್ಲಿ ಏನು ಸಿಗುತ್ತೆ? ಸಫಾರಿ ಪ್ಲಾನ್ ಮಾಡುವವರು ದಯವಿಟ್ಟು ಹೇಳಿ.

ಉತ್ತರ: ಸಿಂಹ, ಆನೆ ನೋಡಲೇಬೇಕು ಅಂತಿದ್ದರೆ ಇಲ್ಲಿಗೆ ಹೋಗಬೇಡಿ. ಅವು ಕಾಣುವ ಜಾಗ ಇದಲ್ಲ. ಆದರೆ ಅದೇ ಕಾರಣಕ್ಕೆ ಇಲ್ಲಿ ಗಾಡಿಯಿಂದ ಇಳಿದು ನಡೆಯಲು, ಸೈಕಲ್ ಹೊಡೆಯಲು ಬಿಡುತ್ತಾರೆ. ಬಂಡೀಪುರದಲ್ಲಿ ಜೀಪಿನಿಂದ ಕಾಲು ಕೆಳಗಿಟ್ಟರೆ ಬೈಸಿಕೊಳ್ಳಬೇಕು ಅಲ್ವಾ? ಇಲ್ಲಿ ನೀವು ಸೈಕಲ್ ಮೇಲೆ ಬರುತ್ತಿದ್ದರೆ ಜೀಬ್ರಾಗಳು ಮೇಯುವುದನ್ನು ನಿಲ್ಲಿಸಿ ತಲೆ ಎತ್ತುತ್ತವೆ, ಕಿವಿ ನಿಮ್ಮ ಕಡೆ ತಿರುಗುತ್ತದೆ. ಜಿರಾಫೆ ಎಷ್ಟು ಎತ್ತರ ಅನ್ನುವುದು ಜೀಪಿನಲ್ಲಿ ಕೂತರೆ ಗೊತ್ತಾಗಲ್ಲ, ನೆಲದ ಮೇಲೆ ನಿಂತಾಗಲೇ ಗೊತ್ತಾಗುವುದು.

ನೈರೋಬಿಯಿಂದ ಸುಮಾರು 90 ಕಿ.ಮೀ., ನೈವಾಷಾ ಕೆರೆಯ ಪಕ್ಕ. ಎಲ್ಸಾ ಗೇಟ್‌ನಿಂದ ಒಳಗೆ ಹೋಗಿ, ಸೈಕಲ್ ಗೇಟಿನ ಹತ್ತಿರವೇ ಬಾಡಿಗೆಗೆ ಸಿಗುತ್ತದೆ. ದುಡ್ಡು ಕೊಡುವ ಮೊದಲು ಬ್ರೇಕು, ಗೇರು ಎರಡೂ ನೋಡಿ. ಸ್ವಲ್ಪ ದೂರದಲ್ಲೇ ಫಿಷರ್ಸ್ ಟವರ್, ಹಳೇ ಜ್ವಾಲಾಮುಖಿಯ ಕೊರಳಲ್ಲಿ ಗಟ್ಟಿಯಾಗಿ ಉಳಿದ ಕಲ್ಲುಕಂಬ. ಬುಡದಲ್ಲಿ ಹೈರಾಕ್ಸ್‌ಗಳು ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ನೋಡೋಕೆ ಹೆಗ್ಗಣ, ಹತ್ತಿರದ ಸಂಬಂಧ ಮಾತ್ರ ಆನೆಗೆ! ಮಗನಿಗೆ ತೋರಿಸಿ. ಆಮೇಲೆ ಎರಡೂ ಬದಿಗೆ ಕೆಂಪು ಬಂಡೆಗೋಡೆ, ನಡುವೆ ಹುಲ್ಲುಬಯಲು. ನನ್ನ ಕೇಳಿದರೆ ಪ್ರಾಣಿಗಳಿಗಿಂತ ಈ ದಾರಿಯೇ ಜಾಸ್ತಿ ಚೆಂದ.

ಆಫ್ರಿಕಾದ ಕಾಡೆಮ್ಮೆ (ಬಫೆಲೋ) ಕಂಡರೆ ಮಾತ್ರ ಸೆಲ್ಫಿ ಆಸೆ ಬಿಡಿ, ದೂರವೇ ನಿಲ್ಲಿ. ಹೋಗುವಾಗ ದಾರಿ ಸುಮಾರಾಗಿ ಇಳಿಜಾರು, ಖುಷಿಯಾಗುತ್ತದೆ. ವಾಪಸ್ ಬರುವಾಗ ಅದೇ ದಾರಿ ಏರು, ಮೇಲೆ ಬಿಸಿಲು. ಅದಕ್ಕೇ ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ.

ಪ್ರಶ್ನೆ (ಇನ್ನೊಬ್ಬರು): ಒಳಗೆಲ್ಲಾ ಪೈಪುಗಳು, ಕರೆಂಟ್ ತಂತಿಗಳು ಅಂತಾರಲ್ಲ?

ಉತ್ತರ: ನಿಜ. ಪಾರ್ಕಿನೊಳಗಿನ ಒಲ್ಕಾರಿಯಾ ಅನ್ನುವ ಜಾಗದಲ್ಲಿ ಭೂಮಿಯ ಒಳಗಿನ ಹಬೆಯಿಂದ 1981ರಿಂದಲೇ ವಿದ್ಯುತ್ ತೆಗೆಯುತ್ತಿದ್ದಾರೆ, ಪಾರ್ಕ್ ಆಗಿದ್ದು 1984ರಲ್ಲಿ. ಆ ಕಡೆ ಹೋದರೆ ಹಬೆ, ಸದ್ದು, ಪೈಪು ಎಲ್ಲಾ ಇದೆ. ಎಲ್ಸಾ ಗೇಟ್ ಕಡೆ ಅಷ್ಟು ಕಾಟ ಇಲ್ಲ.

ಪ್ರಶ್ನೆ (ಮೊದಲಿನವರು): ಪಾರ್ಕಿನಲ್ಲಿರುವ ಗಾರ್ಜ್ (ಆಳವಾದ ಕಲ್ಲುಕಣಿವೆ) ಒಳಗೆ ಮಗನನ್ನು ಇಳಿಸಬಹುದಾ? ಅಮ್ಮ ಏನು ಮಾಡಬೇಕು?

ಉತ್ತರ: ಗಾರ್ಜ್ ತೆರೆದಿದೆಯಾ ಅಂತ ಅವತ್ತೇ ರೇಂಜರ್‌ಗಳನ್ನು ಕೇಳಿ. ಇಕ್ಕಟ್ಟಾದ ಕಲ್ಲುಸಂದು ಅದು. ಮೇಲೆಲ್ಲೋ ಮಳೆ ಸುರಿದರೂ ನೀರು ಒಮ್ಮೆಲೇ ನುಗ್ಗುತ್ತದೆ, ಹತ್ತಲು ಜಾಗ ಇರಲ್ಲ. 2012ರಲ್ಲಿ, ಮತ್ತೆ 2019ರಲ್ಲಿ ಜನ ಸತ್ತಿದ್ದು ಹಾಗೇ. ಫೆಬ್ರವರಿ ಒಣ ತಿಂಗಳು, ಆದರೂ ಮೋಡ ಕಟ್ಟಿದ್ದರೆ ಇಳಿಯಬೇಡಿ. ತೆರೆದಿದ್ದರೆ ಅಲ್ಲಿನ ಗೈಡ್ ಜೊತೆಗೇ ಹೋಗಿ. ಗೋಡೆಯಿಂದ ಬಿಸಿನೀರು ಜಿನುಗುವುದನ್ನು ಅವರು ತೋರಿಸುತ್ತಾರೆ, ಕೈ ಹಾಕುವ ಮೊದಲು ಕೇಳಿ. ಹಳೇ ಗ್ರಿಪ್ ಶೂ ಸಾಕು, ಚಪ್ಪಲಿ ಬೇಡ.

ಅಮ್ಮ ಕಾರಿನಲ್ಲೇ ಪಾರ್ಕ್ ನೋಡಬಹುದು, ಕಾರನ್ನು ಒಳಗೆ ಬಿಡುತ್ತಾರೆ. ಸಂಜೆ ನೈವಾಷಾ ಕೆರೆಯಲ್ಲಿ ದೋಣಿ ಹತ್ತಿಸಿ, ನೀರಾನೆಗಳನ್ನು ನೋಡಿಕೊಂಡು ಬರಲಿ. ನೀರಿಗೆ ಸ್ಟೀಲ್ ಬಾಟಲಿ ತಗೊಂಡು ಹೋಗಿ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು 2020ರಿಂದ ಅಲ್ಲಿನ ಪಾರ್ಕ್‌ಗಳ ಒಳಗೆ ಬಿಡಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟ್‌ನಲ್ಲೇ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್ ಆಗಬಹುದು. ಲಸಿಕೆ ಹಾಕಿಸಿದ 10 ದಿನದ ಮೇಲಷ್ಟೇ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ. 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಹಾಗಾಗಿ ಅಮ್ಮನನ್ನು ಮೊದಲು ಡಾಕ್ಟರ್‌ಗೆ ತೋರಿಸಿ, ಅವರ ಟಿಕೆಟ್ ಆಮೇಲೆ ಮಾಡಿಸಿ.